ಕತ್ತಲೆಯ ಕೋಣೆಗೆ ಹೊಕ್ಕ ಮಿಂಚು

ನಡುರಾತ್ರಿ ಕಳೆದಿದೆ. ನ್ಯೂಯಾರ್ಕ್ ನಗರದ ಕೊಳೆಗೇರಿಯೊಂದರ ಮುರುಕು ಮೆಟ್ಟಿಲುಗಳನ್ನು ನಾಲ್ಕಾರು ಮಂದಿ ತಡವರಿಸುತ್ತ ಏರುತ್ತಿದ್ದಾರೆ. ಒಬ್ಬನ ಹೆಗಲ ಮೇಲೆ ಕ್ಯಾಮರಾ, ಇನ್ನೊಬ್ಬನ ಬಳಿ ಅದನ್ನು ನಿಲ್ಲಿಸುವ ಮುಕ್ಕಾಲಿ, ಮತ್ತೊಬ್ಬನ ಕೈಯಲ್ಲಿ ಪಿಸ್ತೂಲು! ಬಾಗಿಲು ತೆರೆಯುತ್ತದೆ, ಢಂ ಎಂಬ ಸದ್ದಿನೊಡನೆ ಕಣ್ಣು ಕುಕ್ಕುವ ಬೆಳಕು. ನಿದ್ದೆಯಲ್ಲಿದ್ದವರು ಬೆಚ್ಚಿಬಿದ್ದು, ಕೆಲವರು ಕಿಟಕಿಗಳಿಂದ ಇಳಿದು ಓಡಿಹೋಗುತ್ತಾರೆ.

ಬಂದವರು ದರೋಡೆಕೋರರಲ್ಲ. ಅವರಲ್ಲಿ ಒಬ್ಬ ನಗರದ ಆರೋಗ್ಯ ಇಲಾಖೆಯ ಅಧಿಕಾರಿ, ಒಬ್ಬ ಹೆಸರಾಂತ ವೈದ್ಯ, ಒಬ್ಬ ಪತ್ರಿಕಾ ವರದಿಗಾರ. ಪಿಸ್ತೂಲಿನಿಂದ ಹಾರಿದ್ದು ಗುಂಡಲ್ಲ, ಮೆಗ್ನೀಸಿಯಂ ಪುಡಿಯ ಮಿಂಚು. ಇದು 1887ರ ಸುಮಾರಿನ ಮಾತು.

ನಾಯಿಯ ಸಾವು

ಆ ವರದಿಗಾರನ ಹೆಸರು ಜೇಕಬ್ ರೀಸ್. 1849ರಲ್ಲಿ ಡೆನ್ಮಾರ್ಕಿನ ರೀಬ ಎಂಬ ಹಳೆಯ ಊರಿನಲ್ಲಿ ಹುಟ್ಟಿ, 1870ರಲ್ಲಿ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಬಂದ ಬಡಗಿ. ಕೆಲಸವಿಲ್ಲದೆ ಅಲೆದು, ನೆಲೆಯಿಲ್ಲದವರಿಗಾಗಿ ಪೊಲೀಸ್ ಠಾಣೆಗಳಲ್ಲಿದ್ದ ತಂಗುಕೋಣೆಗಳಲ್ಲಿ ಮಲಗಿದ್ದುಂಟು. ಅಂಥದೊಂದು ರಾತ್ರಿ ಅವನ ಕೊರಳಲ್ಲಿದ್ದ ಚಿನ್ನದ ಪದಕ ಕಳುವಾಯಿತು. ದೂರು ಕೊಟ್ಟವನನ್ನೇ ಹೊರಗೆ ದಬ್ಬಿದರು. ಒಡೆಯನಿಗಾಗಿ ಬಾಗಿಲಲ್ಲಿ ಕಾದಿದ್ದ ನಾಯಿಯನ್ನು ಪೊಲೀಸನೊಬ್ಬ ಮೆಟ್ಟಿಲಿಗೆ ಅಪ್ಪಳಿಸಿ ಕೊಂದ. ರೀಸ್ ಅದನ್ನು ಜೀವಮಾನವಿಡೀ ಮರೆಯಲಿಲ್ಲ.

1877ರಲ್ಲಿ ಆತ ಪತ್ರಿಕೆಯೊಂದರ ಪೊಲೀಸ್ ಸುದ್ದಿಗಾರನಾದ. ಹತ್ತು ವರ್ಷಕಾಲ ಮಲ್ಬರಿ ಬೀದಿಯ ಓಣಿಗಳಲ್ಲಿ ಓಡಾಡಿ, ಗಾಳಿಬೆಳಕಿಲ್ಲದ ಬಾಡಿಗೆ ಮನೆಗಳ ದುಃಸ್ಥಿತಿಯನ್ನು ಕುರಿತು ಬರೆದ. ಜನ ಓದಿದರು, ಮಡಿಚಿಟ್ಟರು. ಮಾತಿನಿಂದ ಆಗದ ಕೆಲಸ ಚಿತ್ರದಿಂದ ಆದೀತೆಂದು ಅವನಿಗೆ ಅನ್ನಿಸಿತು. ಆದರೆ ಹಗಲಲ್ಲೂ ಕತ್ತಲೆ ಕವಿದಿರುವ ಕೋಣೆಯ ಚಿತ್ರ ತೆಗೆಯುವುದು ಹೇಗೆ?

1887ರ ಒಂದು ಬೆಳಗ್ಗೆ ಉಪಾಹಾರದ ವೇಳೆ ಪತ್ರಿಕೆ ತೆರೆದವನಿಗೆ ನಾಲ್ಕು ಸಾಲಿನ ಸುದ್ದಿ ಕಣ್ಣಿಗೆ ಬಿತ್ತು. ಮಿಂಚುಪುಡಿಯೊಂದನ್ನು ಸುಟ್ಟು ಎಂಥ ಕತ್ತಲ ಮೂಲೆಯ ಚಿತ್ರವನ್ನಾದರೂ ಹಿಡಿಯುವ ಉಪಾಯ ಜರ್ಮನಿಯಲ್ಲಿ ಸಿದ್ಧವಾಗಿತ್ತು. ರೀಸ್ ಹೆಂಡತಿ ಬೆಚ್ಚುವಂತೆ ಕೂಗಿಕೊಂಡು ಮೇಲೆದ್ದನಂತೆ!

ಸಂಬಳವಿಲ್ಲದ ಗೆಳೆಯರು

ರೀಸನಿಗೆ ಆಗ ಕ್ಯಾಮರಾ ಹಿಡಿಯಲೂ ಬಾರದು. ಆತ ಹೋದದ್ದು ಆರೋಗ್ಯ ಇಲಾಖೆಯಲ್ಲಿ ಜನನ ಮರಣಗಳ ಲೆಕ್ಕ ನೋಡುತ್ತಿದ್ದ ಡಾಕ್ಟರ್ ಜಾನ್ ನೇಗಲ್ ಎಂಬ ಸ್ನೇಹಿತನ ಬಳಿಗೆ. ನೇಗಲ್ ಹವ್ಯಾಸಿ ಛಾಯಾಗ್ರಾಹಕ. ಆತ ಹೆನ್ರಿ ಪಿಫರ್ಡ್ ಎಂಬ ಚರ್ಮರೋಗ ವೈದ್ಯನನ್ನೂ ರಿಚರ್ಡ್ ಹೋ ಲಾರೆನ್ಸ್ ಎಂಬ ಇನ್ನೊಬ್ಬ ಹವ್ಯಾಸಿಯನ್ನೂ ಕರೆತಂದ. ಕೂಲಿಯಿಲ್ಲ, ಕೀರ್ತಿಯ ಭರವಸೆಯಿಲ್ಲ. ಹಗಲೆಲ್ಲ ತಮ್ಮ ತಮ್ಮ ವೃತ್ತಿ, ರಾತ್ರಿ ಈ ಅಲೆದಾಟ. ಸಮಾಜದ ಒಳಿತಿಗಾಗಿ ಸ್ವಂತ ಇಚ್ಛೆಯಿಂದ ಕ್ಯಾಮರಾ ಹೊತ್ತವರ ಸಾಲಿನಲ್ಲಿ ಈ ಮೂವರ ಹೆಸರು ಮುಂದೆಯೇ ನಿಲ್ಲಬೇಕು.

ನಿದ್ದೆಗೆಟ್ಟು ದುಡಿಯುವ ಉತ್ಸಾಹ ಬಹುಕಾಲ ಉಳಿಯಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಹಿಂದೆ ಸರಿದರು. 1888ರ ಜನವರಿಯಲ್ಲಿ ರೀಸ್ ತಾನೇ ಒಂದು ಕ್ಯಾಮರಾ ಕೊಂಡ. ಜನರನ್ನು ಹೆದರಿಸುತ್ತಿದ್ದ ಪಿಸ್ತೂಲನ್ನು ಬಿಟ್ಟು ಬಾಣಲೆಯಲ್ಲಿ ಪುಡಿ ಉರಿಸುವುದನ್ನು ಕಲಿತ. ಒಮ್ಮೆ ಕುರುಡರು ವಾಸವಾಗಿದ್ದ ಅಟ್ಟದ ಕೋಣೆಯಲ್ಲಿ ಗೋಡೆಗೇ ಬೆಂಕಿ ಹತ್ತಿಕೊಂಡಿತು. ಹೇಗೋ ಆರಿಸಿ ನಡುಗುತ್ತ ಕೆಳಗಿಳಿದರೆ, ಬೀದಿಯ ಪೊಲೀಸನಿಗೆ ನಗು. ಆ ಮನೆ ಹೊತ್ತಿಕೊಳ್ಳುವುದೇ ಇಲ್ಲವಂತೆ; ಗೋಡೆಯ ಮೇಲಿನ ಕೊಳೆಯ ದಪ್ಪಕ್ಕೆ ಬೆಂಕಿಯೇ ಉಸಿರುಕಟ್ಟಿ ಸಾಯುತ್ತದಂತೆ!

ಒದ್ದೆ ಗಾಜಿನ ಸಾಕ್ಷ್ಯ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ನಮ್ಮ ಗಾದೆ. ಅಧಿಕಾರಿಗಳಿಗಂತೂ ಪ್ರಮಾಣವೇ ಬೇಕು. 13 ಅಡಿ ಉದ್ದಗಲವೂ ಇಲ್ಲದ ಕೋಣೆಯೊಂದರಲ್ಲಿ 12 ಮಂದಿ ಹೆಂಗಸರು ಗಂಡಸರು ಮಲಗಿದ್ದುದನ್ನು ರೀಸ್ ಕಂಡ. ಒಂದು ರಾತ್ರಿ ಒಬ್ಬರು ಮೈಚಾಚಲು ಬಾಡಿಗೆ 5 ಸೆಂಟು. ಇಂಥ ಸಂಗತಿಗಳನ್ನು ಬರಹದಲ್ಲಿ ಒಪ್ಪಿಸಿದಾಗ ಆರೋಗ್ಯ ಮಂಡಲಿ ಅಷ್ಟಾಗಿ ಕಿವಿಗೊಡುತ್ತಿರಲಿಲ್ಲ. ಕತ್ತಲಕೋಣೆಯಿಂದ ಆಗತಾನೆ ತಂದ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಗಾಜಿನ ನೆಗೆಟಿವ್‌ಗಳನ್ನು ಮುಂದಿಟ್ಟಾಗ ಮರುಮಾತಿಲ್ಲದಾಯಿತು.

ಆಗಿನ ಪತ್ರಿಕೆಗಳು ಛಾಯಾಚಿತ್ರಗಳನ್ನು ರೇಖಾಚಿತ್ರಗಳಾಗಿ ಮಾರ್ಪಡಿಸಿಯೇ ಅಚ್ಚುಹಾಕುತ್ತಿದ್ದವು. ಅದರಿಂದ ರೀಸ್ ಗಾಜಿನ ಚಿತ್ರಗಳನ್ನು ಮ್ಯಾಜಿಕ್ ಲ್ಯಾಂಟರ್ನಿನಲ್ಲಿಟ್ಟು ಪರದೆಯ ಮೇಲೆ ತೋರಿಸುತ್ತ ಉಪನ್ಯಾಸಗಳನ್ನು ಕೊಟ್ಟ. 1890ರಲ್ಲಿ 'ಉಳಿದರ್ಧ ಜನ ಬಾಳುವ ಬಗೆ' ಎಂಬರ್ಥದ ಹೆಸರುಳ್ಳ ಪುಸ್ತಕ ಹೊರಬಂತು. ಅದನ್ನು ಓದಿದ ಥಿಯೋಡರ್ ರೂಸ್‌ವೆಲ್ಟ್ ರೀಸನನ್ನು ಹುಡುಕಿಕೊಂಡು ಬಂದ. 1895ರಲ್ಲಿ ಪೊಲೀಸ್ ಮಂಡಲಿಯ ಅಧ್ಯಕ್ಷನಾದ ಮೇಲೆ ರೀಸನೊಡನೆ ರಾತ್ರಿ ತಿರುಗಿ, ಮರುವರ್ಷ ಆ ತಂಗುಕೋಣೆಗಳನ್ನು ಮುಚ್ಚಿಸಿದ. ನಾಯಿಯ ಋಣ 26 ವರ್ಷಗಳ ಬಳಿಕ ತೀರಿತು.

1891ರಲ್ಲಿ ನಗರಕ್ಕೆ ಕುಡಿಯುವ ನೀರು ಬರುವ ಕ್ರೋಟನ್ ಹೊಳೆಯ ಉದ್ದಕ್ಕೂ ರೀಸ್ ಕ್ಯಾಮರಾ ಹಿಡಿದು ನಡೆದು, ಅದಕ್ಕೆ ಸೇರುತ್ತಿದ್ದ ಹೊಲಸನ್ನು ಚಿತ್ರಿಸಿ ತಂದ. 1897ರಲ್ಲಿ ಮಲ್ಬರಿ ತಿರುವಿನ ಕೊಳೆಗೇರಿ ಇದ್ದ ಕಡೆ ಉದ್ಯಾನ ತೆರೆಯಿತು. ಆ ಸಮಾರಂಭಕ್ಕೆ ರೀಸನಿಗೆ ಆಹ್ವಾನವೇ ಇರಲಿಲ್ಲ! 1901ರ ಕಾನೂನು ಹೊಸ ಬಾಡಿಗೆ ಮನೆಗಳಿಗೆ ಗಾಳಿ, ಬೆಳಕು, ಶೌಚಾಲಯಗಳನ್ನು ಕಡ್ಡಾಯ ಮಾಡಿತು. ಅದು ರೀಸ್ ಒಬ್ಬನ ಸಾಧನೆಯಲ್ಲ. ಲಾರೆನ್ಸ್ ವೈಲರ್ 1900ರಲ್ಲಿ ನಕ್ಷೆಗಳು, ಮಾದರಿಗಳು, ನೂರಾರು ಛಾಯಾಚಿತ್ರಗಳೊಡನೆ ಏರ್ಪಡಿಸಿದ ಪ್ರದರ್ಶನದ ಪಾಲೂ ದೊಡ್ಡದು. ಚಿತ್ರ ಮನಸ್ಸನ್ನು ಕಲಕಬಲ್ಲುದು. ಕಾನೂನಾಗಲು ಅಂಕಿ ಅಂಶಗಳೂ ಸಂಘಟನೆಯೂ ಬೇಕು.

ನಾಣ್ಯದ ಇನ್ನೊಂದು ಮುಖ

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಅರ್ಧವಾದೀತು. ನಿದ್ದೆಯಲ್ಲಿದ್ದವರ ಮನೆ ಹೊಕ್ಕು ಚಿತ್ರ ತೆಗೆಯಲು ಅಪ್ಪಣೆ ಕೊಟ್ಟವರಾರು? ಬಡವನ ಮನೆಗೆ ಬಾಗಿಲಿಲ್ಲವೇ? ಇಟಲಿಯವರು, ಚೀಣರು, ಯಹೂದ್ಯರನ್ನು ಕುರಿತು ರೀಸ್ ಬರೆದ ಮಾತುಗಳಲ್ಲಿ ಆ ಕಾಲದ ಜನಾಂಗ ತಾತ್ಸಾರ ಇಂದಿಗೂ ಚುಚ್ಚುತ್ತದೆ. ಬಡವರಿಗಾಗಿ ಆತ ಮಾತನಾಡಿದ. ಬಡವರು ಮಾತನಾಡುವುದು ಅವನ ಪುಟಗಳಲ್ಲಿ ವಿರಳ.

ಹವ್ಯಾಸಿ ಗೆಳೆಯರ ಗತಿಯೂ ಅಷ್ಟೆ. ರೀಸ್ 1914ರಲ್ಲಿ ತೀರಿಕೊಂಡ. ಅವನ ಗಾಜಿನ ನೆಗೆಟಿವ್‌ಗಳು ಮನೆಯ ಅಟ್ಟದಲ್ಲಿ ದೂಳು ತಿನ್ನುತ್ತಿದ್ದವು. 1940ರ ದಶಕದಲ್ಲಿ ಅಲೆಗ್ಸಾಂಡರ್ ಅಲಂಡ್ ಎಂಬ ಛಾಯಾಗ್ರಾಹಕ ಬೆನ್ನುಹತ್ತಿ ಹುಡುಕಿಸಿದ ಮೇಲೆ ಅವು ನ್ಯೂಯಾರ್ಕ್ ನಗರದ ವಸ್ತುಸಂಗ್ರಹಾಲಯಕ್ಕೆ ಸೇರಿ, 1947ರಲ್ಲಿ ಪ್ರದರ್ಶನಗೊಂಡವು. ರೀಸನದೆಂದು ಜಗತ್ತು ಮೆಚ್ಚಿದ 'ಡಕಾಯಿತರ ಗೂಡು' ಮೊದಲಾದ ಕೆಲವು ಚಿತ್ರಗಳು ಪಿಫರ್ಡ್ ಮತ್ತು ಲಾರೆನ್ಸರು ತೆಗೆದವು ಎಂಬುದು ವಿದ್ವಾಂಸರ ಪರಿಶೀಲನೆಯಿಂದ ತಿಳಿದುಬಂದದ್ದು ಆಮೇಲೆ.

ಇಂದು ಮಿಂಚುಪುಡಿ ಬೇಡ, ಮುಕ್ಕಾಲಿ ಬೇಡ. ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮರಾ ಇದೆ. ಬಿಡುವಿನ ವೇಳೆಯಲ್ಲಿ ಸೇವಾಸಂಸ್ಥೆಗಳಿಗಾಗಿ ಚಿತ್ರ ತೆಗೆದುಕೊಡುವ ತರುಣ ತರುಣಿಯರು ನಮ್ಮ ಊರುಗಳಲ್ಲೂ ಇದ್ದಾರೆ. ರೀಸನ ಗೆಳೆಯರಿಂದ ಅವರು ಕಲಿಯಬೇಕಾದದ್ದು ನಿಸ್ಪೃಹತೆ. ರೀಸನಿಂದ ಕಲಿಯಬೇಕಾದದ್ದು ಚಿತ್ರವನ್ನು ತಕ್ಕ ಮೇಜಿಗೆ ಮುಟ್ಟಿಸುವವರೆಗೂ ಬಿಡದ ಹಟ. ಇಬ್ಬರಿಂದಲೂ ಕಲಿಯಲಾಗದ ಒಂದು ಪಾಠ ಉಳಿಯುತ್ತದೆ. ಕ್ಯಾಮರಾ ಎತ್ತುವ ಮೊದಲು ಬಾಗಿಲು ತಟ್ಟಿ, ಒಳಗಿನವರ ಹೆಸರು ಕೇಳಿ, ಅವರ ಒಪ್ಪಿಗೆ ಪಡೆಯಬೇಕು. ತೆಗೆದ ಚಿತ್ರವನ್ನು ಮೊದಲು ಅವರಿಗೇ ತೋರಿಸಬೇಕು.