ಹೆದರದ ಒಂದು ಗಂಟೆಗೆ ಎಷ್ಟು ರೂಪಾಯಿ? ರೊದ್ದಂನಿಂದ ಫುಕೆಟ್‌ವರೆಗಿನ ಲೆಕ್ಕ

ಹಿಂದೂಪುರದ ಲಾಡ್ಜುಗಳಲ್ಲಿ ಇಬ್ಬರು ಗಂಡಸರು ಹೋಗಿ ರೂಮು ಕೇಳಿದರೆ ಸಾಮಾನ್ಯವಾಗಿ ಆಧಾರ್ ಕಾರ್ಡಿನ ಜೆರಾಕ್ಸ್ ಬಿಟ್ಟು ಬೇರೇನೂ ಕೇಳುವುದಿಲ್ಲ. ಎಂಟುನೂರಕ್ಕೋ ಸಾವಿರಕ್ಕೋ ಬೀಗದಕೈ ಕೈಗೆ ಬರುತ್ತದೆ. ಗಂಡು ಹೆಣ್ಣು ಹೋದರೆ ನೂರೆಂಟು ಪ್ರಶ್ನೆ. ರೂಮೊಂದೇ ಸಾಕಾಗಿದ್ದರೆ ನಮ್ಮ ಕಡೆಯ ಗೇ ಹುಡುಗನೊಬ್ಬ ಹಿಂದೂಪುರ ದಾಟಿ ಹೋಗಬೇಕಾಗಿಯೇ ಇರಲಿಲ್ಲ. ಬಾಗಿಲು ಹಾಕಿಕೊಂಡ ಮೇಲಿನ ಬದುಕಿಗೆ ಇಲ್ಲೇ ಜಾಗವಿದೆ. ಬಾಗಿಲು ತೆಗೆದು ಆಚೆ ಬಂದು, ಜೊತೆಗಾರನ ಎದುರು ಕೂತು, ಹಿಂದಿನ ಬೀದಿಯ ಚಿಕ್ಕಪ್ಪ ನೋಡಿಯಾನೆಂಬ ಅಂಜಿಕೆಯಿಲ್ಲದೆ ಒಂದು ಲೋಟ ಕಾಫಿ ಕುಡಿಯಲು ಜಾಗವಿಲ್ಲ. ಅವನು ದುಡ್ಡು ಕೊಟ್ಟು ಕೊಳ್ಳಲು ಹೊರಡುವುದು ಅಂಥ ಜಾಗವನ್ನು.

ಹಾಗಾಗಿ ಈ ಲೆಕ್ಕಕ್ಕೆ ಟಿಕೆಟ್ಟು, ಹೋಟೆಲು, ಊಟದ ಮೊತ್ತವೊಂದೇ ಸಾಲದು. ಹೆದರದೆ ಕಳೆದ ಗಂಟೆಗಳನ್ನೂ ಎಣಿಸಿ, ಖರ್ಚನ್ನು ಅವುಗಳಿಂದ ಭಾಗಿಸಿದ್ದೇನೆ. ದರಗಳು ಅಂದಾಜಿನವು. ಸೀಸನ್ನು, ಬುಕಿಂಗ್ ಮಾಡಿದ ದಿನ, ಥಾಯ್ಲೆಂಡಿನ ಬಾತ್ ನಾಣ್ಯದ ಏರಿಳಿತಕ್ಕೆ ತಕ್ಕಂತೆ ಸಾವಿರಗಳಲ್ಲಿ ವ್ಯತ್ಯಾಸವಾಗುತ್ತದೆ. ಆದರೆ ಕೊನೆಗೆ ಸಿಕ್ಕಿದ ಉತ್ತರ ನಾನು ಎಣಿಸಿದಂತೆ ಇರಲಿಲ್ಲ.

ಮೊದಲು ಜನರ ಲೆಕ್ಕ. 2012ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಕೊಟ್ಟ ಅಂಕಿಯಂತೆ ದೇಶದಲ್ಲಿರುವ ಗೇ ಪುರುಷರು ಸುಮಾರು 25 ಲಕ್ಷ. ಎಚ್‌ಐವಿ ತಡೆ ಕಾರ್ಯಕ್ರಮದ ಕಣ್ಣಿಗೆ ಬಿದ್ದವರ ಅಂದಾಜು ಅದು. 2011ರ ಜನಗಣತಿಯ 121 ಕೋಟಿಗೆ ಹೋಲಿಸಿದರೆ ಸಾವಿರಕ್ಕೆ ಇಬ್ಬರು. ಅಷ್ಟನ್ನೇ ಒಪ್ಪಿಕೊಂಡರೂ ಐದು ಸಾವಿರ ಜನರ ಊರಿನಲ್ಲಿ ಹತ್ತು ಮಂದಿ ಇರಬೇಕು. ಆ ಹತ್ತು ಮಂದಿಗೆ ಒಬ್ಬರ ಗುರುತು ಒಬ್ಬರಿಗಿರುವುದಿಲ್ಲ. ಅದೇ 2011ರ ಗಣತಿ ಗಂಡು, ಹೆಣ್ಣು ಬಿಟ್ಟು 'ಇತರೆ' ಎಂದು ಬರೆಸಿದವರನ್ನೂ ಎಣಿಸಿತು. ದೇಶದಲ್ಲಿ 4,87,803, ಆಗಿನ ಅವಿಭಜಿತ ಆಂಧ್ರದಲ್ಲಿ 43,769, ಕರ್ನಾಟಕದಲ್ಲಿ 20,266. ಸಲಿಂಗ ಪ್ರೇಮಿಗಳಿಗೆ ಗಣತಿಯಲ್ಲಿ ಕಾಲಂ ಇಲ್ಲ.

ಇನ್ನು ದಾರಿ. ರೊದ್ದಂ ಪೆನುಕೊಂಡಕ್ಕೂ ಪಾವಗಡಕ್ಕೂ ನಡುವೆ ಇರುವ ಊರು. 2022ರ ಏಪ್ರಿಲ್ 4ರಿಂದ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಪೆನುಕೊಂಡದ ಬಳಿ 44ನೇ ನಂಬರಿನ ಹೆದ್ದಾರಿ ಹಿಡಿದರೆ ಅದೇ ರಸ್ತೆ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಪಕ್ಕಕ್ಕೆ ತಂದು ನಿಲ್ಲಿಸುತ್ತದೆ. ಊರಿನಿಂದ ಅಲ್ಲಿಗೆ 120 ಕಿಲೋಮೀಟರಿನ ಆಸುಪಾಸು. ಅಲ್ಲಿಂದ ಥಾಯ್ಲೆಂಡಿನ ಫುಕೆಟ್ ದ್ವೀಪ ಆಕಾಶಮಾರ್ಗದಲ್ಲಿ ಸುಮಾರು 2,300 ಕಿಲೋಮೀಟರು. ಬೆಂಗಳೂರಿನಿಂದ ದೆಹಲಿ ಸುಮಾರು 1,700 ಎಂದು ನೆನೆದರೆ ಆರುನೂರು ಹೆಚ್ಚು, ಅಷ್ಟೇ. ಅಲ್ಲಿ ಇಳಿದ ಮೇಲೆ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಬೇಕು.

ಇಬ್ಬರು ಹೋಗಿ ಒಂದೇ ರೂಮಿನಲ್ಲಿ ನಾಲ್ಕು ರಾತ್ರಿ ಇರುತ್ತಾರೆಂದು ಇಟ್ಟುಕೊಂಡು ತಲಾ ಖರ್ಚು ಬರೆಯುತ್ತೇನೆ. ಬಾತಿಗೆ 2 ರೂಪಾಯಿ 75 ಪೈಸೆ ಹಿಡಿದಿದ್ದೇನೆ. ಪಾಸ್‌ಪೋರ್ಟ್ ಶುಲ್ಕ 1,500 ರೂಪಾಯಿ, ಹತ್ತು ವರ್ಷ ಬಾಳುತ್ತದೆ. ಮುಂಚಿತವಾಗಿ ಬುಕ್ ಮಾಡಿದ ಹೋಗಿಬರುವ ವಿಮಾನ 24,000. ಊರಿನಿಂದ ವಿಮಾನ ನಿಲ್ದಾಣಕ್ಕೆ ಹೋಗಿಬರಲು 800. ಅಲ್ಲಿ ನಿಲ್ದಾಣದಿಂದ ಪಟಾಂಗ್ ಎಂಬ ಕಡಲದಡದ ಊರಿಗೆ ನಾಲ್ಕಾರು ಜನ ಹಂಚಿಕೊಳ್ಳುವ ಮಿನಿ ವ್ಯಾನಿನಲ್ಲಿ ಹೋಗಿಬರಲು 400 ಬಾತ್, ಅಂದರೆ 1,100. ಟ್ಯಾಕ್ಸಿ ಹಿಡಿದರೆ ಒಂದು ಸಲಕ್ಕೇ ಅದರ ಎರಡರಷ್ಟು ಹೋಗುತ್ತದೆ. ರೂಮು ದಿನಕ್ಕೆ 1,200 ಬಾತ್, ಅರ್ಧ ಪಾಲಿಗೆ ನಾಲ್ಕು ರಾತ್ರಿಗೆ 6,600 ರೂಪಾಯಿ. ಊಟಕ್ಕೆ ದಿನಕ್ಕೆ 500 ಬಾತ್, ಒಟ್ಟು 5,500. ಮೂರು ರಾತ್ರಿ ಬಾರುಗಳಲ್ಲಿ ಕೂರಲು ರಾತ್ರಿಗೆ 800 ಬಾತಿನಂತೆ 6,600. ಒಂದು ದಿನದ ದೋಣಿಯೋ ಒಂದು ಸಂಜೆಯ ಪ್ರದರ್ಶನವೋ ಎಂದು 4,100. ವಿಮೆಗೂ ಸಿಮ್‌ಗೂ ಸೇರಿ 1,500. ಎಲ್ಲ ಕೂಡಿಸಿದರೆ 51,700.

ನಮ್ಮ ಕಡೆಯ ಅಳತೆಯಲ್ಲಿ ಇದೆಷ್ಟು? 2025-26ಕ್ಕೆ ಕಡಲೆಕಾಯಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಏಳು ಕ್ವಿಂಟಾಲಿಗೂ ಸ್ವಲ್ಪ ಮೇಲೆ. ಮಳೆ ನಂಬಿದ ಹೊಲದಲ್ಲಿ ಎಕರೆಗೆ ಮೂರು ಕ್ವಿಂಟಾಲ್ ಕೈಗೆ ಹತ್ತಿತೆಂದರೂ ಎರಡೂ ಕಾಲು ಎಕರೆಗೂ ಮೇಲಿನ ಇಡೀ ಫಸಲು, ಬೀಜ, ಕೂಲಿಯ ಖರ್ಚು ಕಳೆಯದೆ. ಉದ್ಯೋಗ ಖಾತರಿಯ 2025-26ರ ಕೂಲಿ ಆಂಧ್ರದಲ್ಲಿ ದಿನಕ್ಕೆ 307 ರೂಪಾಯಿ. 168 ದಿನದ ದುಡಿಮೆ. ವರ್ಷಕ್ಕೆ ಆಗಿದ್ದ ನೂರು ದಿನದ ಲೆಕ್ಕದಲ್ಲಿ ಒಂದು ವರ್ಷ ಪೂರ್ತಿ ಮುಗಿದು ಇನ್ನೊಂದರ ಮುಕ್ಕಾಲು ಭಾಗ ಸಮೀಪಿಸುತ್ತದೆ. ಕೂಲಿಯವನ ಮಗನಿಗೆ ಈ ದ್ವೀಪ ಇಲ್ಲ. ಪೆನುಕೊಂಡದ ಕಾರು ಕಾರ್ಖಾನೆಯಲ್ಲೋ ಬೆಂಗಳೂರಿನ ಆಫೀಸಿನಲ್ಲೋ ತಿಂಗಳ ಸಂಬಳ ಎಣಿಸುವವನಿಗೆ, ಅದೂ ವರ್ಷವಿಡೀ ಕೂಡಿಟ್ಟರೆ, ಇದೆ. ಇದನ್ನು ಇಲ್ಲಿಯೇ ಹೇಳಿಬಿಡುವುದು ನ್ಯಾಯ.

ವೀಸಾ ಖರ್ಚು ಯಾಕೆ ಬರೆಯಲಿಲ್ಲವೆಂದರೆ, 2023ರ ನವೆಂಬರ್ 10ರಿಂದ ಭಾರತೀಯರಿಗೆ ಥಾಯ್ಲೆಂಡ್ 30 ದಿನ ವೀಸಾ ವಿನಾಯಿತಿ ಕೊಟ್ಟಿತು, 2024ರ ಜುಲೈ 15ರಿಂದ ಅದನ್ನು 60 ದಿನ ಮಾಡಿತು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಟಿಕೆಟ್ ತೆಗೆಯುವ ಮುನ್ನ ನೋಡಿಕೊಳ್ಳಿ. 2025ರ ಮೇ 1ರಿಂದ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಒಂದು ಆಗಮನ ಕಾರ್ಡು ತುಂಬಬೇಕು. ಅದು ಉಚಿತ. ಅದಕ್ಕೆ ದುಡ್ಡು ಕೇಳುವ ಜಾಲತಾಣ ಸಿಕ್ಕರೆ ಅದು ಸರ್ಕಾರದ್ದಲ್ಲ. ಇ-ಸಿಗರೇಟು ಜೇಬಿನಲ್ಲಿದ್ದರೆ ಅಲ್ಲಿ ಅಪರಾಧ, ಊರಲ್ಲೇ ಬಿಟ್ಟು ಹೋಗಿ.

ಪಟಾಂಗ್ ಎಂಬ ಹೆಸರಿಗೆ ಬಾಳೆಯೆಲೆಯ ಕಾಡು ಎಂಬ ಅರ್ಥವಿದೆಯಂತೆ. ಈಗ ಅಲ್ಲಿ ಬಂಗ್ಲಾ ರೋಡ್ ಎಂಬ ಬೀದಿಯನ್ನು ರಾತ್ರಿಯಾದರೆ ವಾಹನ ನಿಲ್ಲಿಸಿ ಜನಕ್ಕೆ ಬಿಟ್ಟುಕೊಡುತ್ತಾರೆ. ಅದರಿಂದ ನಡೆದು ಹೋಗುವಷ್ಟು ದೂರದಲ್ಲಿ ಪ್ಯಾರಡೈಸ್ ಕಾಂಪ್ಲೆಕ್ಸ್ ಎಂಬ ಗಲ್ಲಿಗಳ ಗುಂಪು, ಅದೇ ಗೇ ಬಾರುಗಳ ಜಾಗ. ಬಾರಿನ ಮುಂದೆ ರಸ್ತೆಗೇ ಕುರ್ಚಿ ಹಾಕಿರುತ್ತಾರೆ, ಎದುರಿನ ಹೋಟೆಲಿಗೆ ಬಂದ ಸಂಸಾರಸ್ಥರು ಅದೇ ದಾರಿಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ನನ್ನ ಮಟ್ಟಿಗೆ ಈ ಕುರ್ಚಿಗಳೇ 51,700 ರೂಪಾಯಿಯ ಸಾರ. 2023ರ ಡಿಸೆಂಬರಿನಿಂದ ಫುಕೆಟ್‌ನ ಮನರಂಜನಾ ತಾಣಗಳಿಗೆ ಬೆಳಗಿನ ಜಾವ 4ರವರೆಗೆ ತೆರೆದಿರಲು ಅನುಮತಿಯಿದೆ. 1991ರಿಂದ ನಡೆಯುತ್ತಿರುವ ಸೈಮನ್ ಕ್ಯಾಬರೆಯಲ್ಲಿ ರಂಗದ ಮೇಲಿರುವವರು ಟ್ರಾನ್ಸ್‌ಜೆಂಡರ್ ಕಲಾವಿದರು. ಆದರೆ ಅವರ ಗುರುತಿನ ಚೀಟಿಯಲ್ಲಿ ಲಿಂಗ ಬದಲಿಸಿಕೊಡುವ ಮಸೂದೆಯನ್ನು ಅಲ್ಲಿನ ಸಂಸತ್ತು 2024ರ ಫೆಬ್ರವರಿಯಲ್ಲಿ ತಿರಸ್ಕರಿಸಿತು. ಆ ಒಂದು ವಿಷಯದಲ್ಲಿ, ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಒಪ್ಪಿದ 2014ರ ನಾಲ್ಸಾ ತೀರ್ಪು ಕೊಟ್ಟ ನಮ್ಮ ಸುಪ್ರೀಂ ಕೋರ್ಟು ಮುಂದಿತ್ತು.

ಮಳೆಗಾಲದಲ್ಲಿ, ಅಂದರೆ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ರೂಮಿನ ಬೆಲೆ ಇಳಿಯುತ್ತದೆ. ಅನಂತಪುರದ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು, ಫುಕೆಟ್‌ಗೆ ಎರಡು ಸಾವಿರ ದಾಟುತ್ತದೆ. ಮಳೆಗೆ ಹಂಬಲಿಸಿ ಬೆಳೆದ ನಮಗೆ ಅದೂ ಒಂದು ಭಾಗ್ಯವೆನಿಸಬಹುದು, ಆದರೆ ದಡದಲ್ಲಿ ಕೆಂಪು ಬಾವುಟ ಕಂಡರೆ ನೀರಿಗಿಳಿಯಬಾರದು.

ಕಾನೂನಿನ ಅಂಕಿಗಳನ್ನು ನೋಡದೆ ಅಗ್ಗದ ಟಿಕೆಟ್ ನೋಡಿ ಹೊರಡುವುದು ಅಪಾಯ. ಥಾಯ್ಲೆಂಡಿನ ಕೆಳಮನೆಯಲ್ಲಿ 2024ರ ಮಾರ್ಚ್ 27ರಂದು ಸಲಿಂಗ ವಿವಾಹದ ಮಸೂದೆಗೆ 400 ಮತ ಬಿತ್ತು, ವಿರುದ್ಧ ಬಿದ್ದದ್ದು 10. ಮೇಲ್ಮನೆಯಲ್ಲಿ ಜೂನ್ 18ರಂದು 130 ಪರ, 4 ವಿರುದ್ಧ. 2025ರ ಜನವರಿ 22ರಂದು ಜಾರಿಗೆ ಬಂದ ದಿನವೇ ದೇಶದಾದ್ಯಂತ 1,800ಕ್ಕೂ ಹೆಚ್ಚು ಜೋಡಿಗಳು ನೋಂದಣಿ ಮಾಡಿಸಿಕೊಂಡವು. ಈಗ ಫುಕೆಟ್‌ನಿಂದ ಆಗ್ನೇಯಕ್ಕೆ 250 ಕಿಲೋಮೀಟರಿನೊಳಗೆ ಇರುವ ಲಂಗ್ಕಾವಿ ದ್ವೀಪಕ್ಕೆ ಬನ್ನಿ. ಅದು ಮಲೇಷ್ಯಾ. ಅಲ್ಲಿಗೂ ಭಾರತೀಯರಿಗೆ 2023ರ ಡಿಸೆಂಬರ್ 1ರಿಂದ ವೀಸಾ ವಿನಾಯಿತಿ ಸಿಕ್ಕಿದೆ, ನೀರೂ ಅದೇ ನೀಲಿ. ಆದರೆ ಅಲ್ಲಿನ ದಂಡಸಂಹಿತೆಯ 377ಬಿ ಕಲಮಿನ ಕೆಳಗೆ ಸಲಿಂಗ ಸಂಬಂಧಕ್ಕೆ 20 ವರ್ಷದವರೆಗೆ ಜೈಲು, ಜೊತೆಗೆ ಬೆತ್ತದೇಟು. 377 ಎಂಬ ಅಂಕಿ ನಮಗೆ ಗೊತ್ತಿರುವುದೇ. ಬ್ರಿಟಿಷರು 1860ರಲ್ಲಿ ನಮಗೆ ಬರೆದ ಸಂಹಿತೆಯ ನಂಬರನ್ನೇ ಆಚೆ ಕಡೆಗೂ ಒಯ್ದರು. ಸಿಂಗಪುರ ತನ್ನ 377ಎ ಕಲಮನ್ನು 2022ರ ನವೆಂಬರಿನಲ್ಲಿ ತೆಗೆದುಹಾಕಿತು. ಬಾಲಿ ಇರುವ ಇಂಡೋನೇಷ್ಯಾ 2022ರ ಡಿಸೆಂಬರ್ 6ರಂದು ಒಪ್ಪಿದ ಹೊಸ ಸಂಹಿತೆಯಲ್ಲಿ ಮದುವೆಯ ಹೊರಗಿನ ಸಂಬಂಧಕ್ಕೆ ಒಂದು ವರ್ಷದವರೆಗೆ ಸಜೆಯಿದೆ, ಗಂಡ-ಹೆಂಡತಿಯೋ ತಂದೆತಾಯಿಯೋ ಮಕ್ಕಳೋ ದೂರು ಕೊಟ್ಟರೆ ಮಾತ್ರ. ಅದೇ ದೇಶದ ಅಚೆ ಎಂಬ ಹೆಸರಿನ ಪ್ರಾಂತ್ಯದಲ್ಲಿ ಸಲಿಂಗ ಸಂಬಂಧಕ್ಕೆ ನೂರರವರೆಗೆ ಛಡಿಯೇಟು.

ಈಗ ಗಂಟೆಗಳು. ಫುಕೆಟ್‌ನಲ್ಲಿ ನಾಲ್ಕು ದಿನ, ದಿನಕ್ಕೆ ಎಚ್ಚರವಿರುವ ಹದಿನಾರು ಗಂಟೆಯಂತೆ 64. ದಡ, ಬಸ್ಸು, ಊಟದ ಮೇಜು, ರಾತ್ರಿಯ ಗಲ್ಲಿ ಎಲ್ಲವೂ ಸೇರಿತು. 51,700ನ್ನು 64ರಿಂದ ಭಾಗಿಸಿದರೆ ಗಂಟೆಗೆ 808 ರೂಪಾಯಿ. ಪೂರ್ತಿ ನಿರ್ಭಯ ಎನ್ನಲಾರೆ. 2024ರಲ್ಲಿ ಥಾಯ್ಲೆಂಡಿಗೆ ಬಂದ ಸುಮಾರು 3.55 ಕೋಟಿ ವಿದೇಶಿಯರಲ್ಲಿ 21 ಲಕ್ಷಕ್ಕೂ ಮೇಲೆ ಭಾರತೀಯರೇ, ಹದಿನೇಳು ಜನಕ್ಕೊಬ್ಬರು. ಬಂಗ್ಲಾ ರೋಡಿನಲ್ಲಿ ಹಿಂದಿನಿಂದ ಕನ್ನಡವೋ ತೆಲುಗೋ ಕೇಳಿಬಂದರೆ ಆಶ್ಚರ್ಯವಿಲ್ಲ. ಬೇರೆಯವರ ಮುಖ ಬೀಳುವ ಫೋಟೋ ಹಾಕಬೇಡಿ.

ಬೆಂಗಳೂರಿಗೆ ಒಂದು ಶನಿವಾರ ಹೋಗಿಬಂದರೆ ಎಷ್ಟು? ರೊದ್ದಂ, ಹಿಂದೂಪುರ, ಬೆಂಗಳೂರು ಬಸ್ಸು ಎರಡೂ ಕಡೆ ಸೇರಿ 400. ಹಂಚಿಕೊಂಡ ರೂಮಿನ ಪಾಲು 900. ಗೇ ಗಿರಾಕಿಗಳನ್ನು ಸ್ವಾಗತಿಸುವ ಪಬ್ಬಿನ ಪ್ರವೇಶ, ಎರಡು ಬಿಯರು 1,800. ರಾತ್ರಿಯ ಆಟೋ, ಕ್ಯಾಬು 600. ಊಟ, ತಿಂಡಿ 500. ಒಟ್ಟು 4,200. ಪಬ್ಬು ರಾತ್ರಿ 1ಕ್ಕೆ ಮುಚ್ಚುತ್ತದೆ. ಒಂಬತ್ತಕ್ಕೆ ಒಳಹೊಕ್ಕರೂ ನಾಲ್ಕೇ ಗಂಟೆ. ಬಾಗಿಲಿನಿಂದ ಆಚೆ ಬಂದ ಕೂಡಲೇ ಮತ್ತೆ ಇಬ್ಬರು 'ಫ್ರೆಂಡ್ಸ್'. ಗಂಟೆಗೆ 1,050 ರೂಪಾಯಿ. ಪಕ್ಕದ ಬೆಂಗಳೂರಿನ ಹೆದರದ ಗಂಟೆ ಕಡಲಾಚೆಯ ಗಂಟೆಗಿಂತ 242 ರೂಪಾಯಿ ದುಬಾರಿ. ಈ ಅಂತರ ಕಂಡಾಗ ನನಗೆ ನೋವಾಯಿತು. ಅಲ್ಲಿ ಬೀದಿ ಸಿಗುತ್ತದೆ, ಇಲ್ಲಿ ಒಂದು ಕೋಣೆಯ ಒಳಗಿನ ಸಂಗೀತ ಸಿಗುತ್ತದೆ, ದರದ ವ್ಯತ್ಯಾಸಕ್ಕೆ ಬೇರೆ ಕಾರಣವಿಲ್ಲ.

ಬೆಂಗಳೂರಿನಲ್ಲಿ ಬೀದಿ ಸಿಗುವ ದಿನವೂ ಒಂದಿದೆ. 2008ರ ಜೂನ್ 29ರಂದು ಮೊದಲ ಪ್ರೈಡ್ ಮೆರವಣಿಗೆ ನಡೆಯಿತು, ಈಚೆಗೆ ಸಾಮಾನ್ಯವಾಗಿ ನವೆಂಬರ್ ಕೊನೆಗೆ ನಡೆಯುತ್ತದೆ. ಹಲವು ವರ್ಷ ಅದು ಪುರಭವನದ ಬಳಿ ಮುಗಿಯುತ್ತಿತ್ತು. ಪ್ರವೇಶ ಶುಲ್ಕವಿಲ್ಲ. ಬಸ್ಸು 400, ಊಟ, ಮೆಟ್ರೋ 200. ನಾಲ್ಕು ಗಂಟೆಗೆ 600, ಅಂದರೆ ಗಂಟೆಗೆ 150. ಮೂರೂ ಲೆಕ್ಕಗಳಲ್ಲಿ ಇದೇ ಅಗ್ಗ, ಬೆಂಗಳೂರಿನಲ್ಲಿ ಹಾಡಹಗಲೇ ಸಿಗುವುದೂ ಇದೇ. ಟ್ರಾನ್ಸ್‌ಜೆಂಡರ್ ಪ್ರಯಾಣಿಕರಿಗೆ 2025ರ ಆಗಸ್ಟ್ 15ರಿಂದ ಆಂಧ್ರದ ಸ್ತ್ರೀಶಕ್ತಿ ಯೋಜನೆಯಲ್ಲಿ ಹಿಂದೂಪುರದವರೆಗೆ ಟಿಕೆಟ್ ಸೊನ್ನೆ. ಗಡಿ ದಾಟುವ ಬಸ್ಸಿಗೆ ಅದು ನಡೆಯದು. ಕರ್ನಾಟಕದ ಶಕ್ತಿ ಯೋಜನೆಗೆ ಆ ರಾಜ್ಯದ ವಿಳಾಸ ಬೇಕು. ನಮ್ಮವರು ಎರಡೂ ಕಡೆಯ ನಡುವೆ ಬೀಳುತ್ತಾರೆ.

ಇದೇ ಬೆಂಗಳೂರಿನ ಕಬ್ಬನ್ ಪಾರ್ಕಿನಂಥ ಜಾಗಗಳಲ್ಲಿ ಸಲಿಂಗ ಪ್ರೇಮಿಗಳನ್ನು ಬೆದರಿಸಿ ದುಡ್ಡು ಕೀಳುತ್ತಿದ್ದುದನ್ನು ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆಯ ಕರ್ನಾಟಕ ಘಟಕ 2001ರಲ್ಲೇ ವರದಿ ಮಾಡಿತ್ತು. ಈಗ ಆ ಬೆದರಿಕೆ ಫೋನಿಗೆ ಬಂದಿದೆ. ಡೇಟಿಂಗ್ ಆ್ಯಪ್‌ನಲ್ಲಿ ಸ್ನೇಹ ಬೆಳೆಸಿ, ಕರೆಸಿಕೊಂಡು, ವಿಡಿಯೋ ಮಾಡಿ, 'ನಿಮ್ಮ ಅಪ್ಪನಿಗೆ ಕಳಿಸುತ್ತೇನೆ' ಎಂದು ಗೂಗಲ್ ಪೇ ಮಾಡಿಸಿಕೊಳ್ಳುತ್ತಾರೆ. ನಾನು ಮೇಲೆ ಬರೆದ ಯಾವ ಖರ್ಚಿಗೂ ಕೊನೆಯಿದೆ, ಈ ಖರ್ಚಿಗೆ ಇಲ್ಲ. ಒಂದು ಸಲ ಐದು ಸಾವಿರ ಕೊಟ್ಟವನಿಗೆ ಮುಂದಿನ ವಾರ ಹತ್ತು ಸಾವಿರದ ಕರೆ ಬರುತ್ತದೆ.

ಕೊಡಬೇಡಿ. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2018ರ ಸೆಪ್ಟೆಂಬರ್ 6ರಂದು ಒಮ್ಮತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟರು. ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪು ಕೊಡಲಿಲ್ಲ, ಫುಕೆಟ್‌ನ ಮದುವೆ ಪತ್ರಕ್ಕೆ ಹಿಂದೂಪುರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಲೆಯಿಲ್ಲ. ಆದರೂ ಇಬ್ಬರೂ ಸೇರಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟಿನಲ್ಲಿ ತಿಳಿಸಿದೆ. ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416, ಎಚ್‌ಐವಿ ಕುರಿತ ಮಾಹಿತಿಗೆ 1097, ಎರಡೂ ಉಚಿತ. ಬೆದರಿಕೆ ಬಂದರೆ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ನಂಬುವ ಒಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ, ಇಲ್ಲವೇ 112ಕ್ಕೆ ಕರೆ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಪ್ರಕಾರ ಸುಲಿಗೆಗೆ ಏಳು ವರ್ಷದವರೆಗೆ ಸಜೆಯಿದೆ, ಮತ್ತು ಅದು ಸುಲಿದವನಿಗೆ.