ಪೆಟ್ಟಿಯ ಇನ್ನೂರು, ಉಳಿದವರ ಲೆಕ್ಕ

1949ರ ಜೂನ್ 19. ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಶಾರ್ಲೆಟ್‌ನಲ್ಲಿ ಮಣ್ಣಿನ ಟ್ರ್ಯಾಕ್ ಮೇಲೆ ನಡೆದ ರೇಸಿನಲ್ಲಿ ಗ್ಲೆನ್ ಡನವೇ ಎಂಬುವವರು 1947ರ ಮಾದರಿಯ ಫೋರ್ಡ್ ಓಡಿಸಿ ಎಲ್ಲರಿಗಿಂತ ಮೂರು ಸುತ್ತು ಮುಂದಿದ್ದು ಮೊದಲಿಗರಾಗಿ ಬಂದರು. ರೇಸ್ ಮುಗಿದ ಮೇಲೆ ಕಾರಿನ ತಪಾಸಣೆ ನಡೆಯಿತು. ಹಿಂದಿನ ಸ್ಪ್ರಿಂಗುಗಳು ಕಂಪನಿ ಕೊಟ್ಟ ಹಾಗಿರಲಿಲ್ಲ. ಅದು ಕಳ್ಳಭಟ್ಟಿ ಸಾಗಿಸುತ್ತಿದ್ದ ಕಾರು. ಡಿಕ್ಕಿ ತುಂಬ ಸರಕು ಹೇರಿ ತಿರುವಿನಲ್ಲಿ ನುಗ್ಗಿದರೂ ಹಿಂಭಾಗ ಕುಸಿಯಬಾರದೆಂದು ಸ್ಪ್ರಿಂಗುಗಳನ್ನು ಗಟ್ಟಿ ಮಾಡಿಸಿದ್ದರು. ಡನವೇ ಅನರ್ಹರಾದರು. ಎರಡನೆಯವರಾಗಿ ಬಂದಿದ್ದ ಕನ್ಸಾಸ್‌ನ ಜಿಮ್ ರೋಪರ್ ವಿಜೇತರೆಂದು ದಾಖಲಾದರು.

ಅಮೆರಿಕದ ಸ್ಟಾಕ್ ಕಾರ್ ರೇಸಿನ ಅತ್ಯುನ್ನತ ಸರಣಿಯಲ್ಲಿ ದಾಖಲಾದ ಮೊದಲ ಗೆಲುವೇ ಹೀಗೆ ಒಂದು ಹೆಸರು ಹೊಡೆದು ಇನ್ನೊಂದು ಹೆಸರು ಬರೆದದ್ದು. ಅಂದಿನಿಂದ ಇಂದಿನವರೆಗೂ ಈ ಆಟದ ಗೆಲುವಿನ ಪಟ್ಟಿ ಅರ್ಧ ಟ್ರ್ಯಾಕಿನಲ್ಲಿ, ಅರ್ಧ ಕಚೇರಿಯಲ್ಲಿ ತಯಾರಾಗಿದೆ. ಯಾರು ಎಷ್ಟು ಗೆದ್ದರು ಎಂದು ಕೇಳುವವರು ಆ ಗೆಲುವುಗಳನ್ನು ಯಾರು, ಯಾವ ನಿಯಮದಂತೆ ಎಣಿಸಿದರು ಎಂದೂ ಕೇಳಬೇಕಾಗುತ್ತದೆ.

ಆ ಎಣಿಕೆಯ ಒಡೆತನ ನ್ಯಾಸ್ಕಾರ್ ಎಂಬ ಸಂಸ್ಥೆಯದು. 1947ರ ಡಿಸೆಂಬರಿನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನ ಸ್ಟ್ರೀಮ್‌ಲೈನ್ ಹೋಟೆಲಿನಲ್ಲಿ ಬಿಲ್ ಫ್ರಾನ್ಸ್ ಎಂಬ ಆಯೋಜಕರು ಕರೆದ ಸಭೆಯಲ್ಲಿ ಅದರ ಬೀಜ ಬಿತ್ತು. ಮರುವರ್ಷ ಸಂಸ್ಥೆ ನೋಂದಣಿಯಾಯಿತು. ಸ್ಟಾಕ್ ಕಾರ್ ಎಂದರೆ ಶೋರೂಮಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಕಾರು ಎಂದೇ ಅರ್ಥ. ಈಗ ಅದು ಹೆಸರಿಗಷ್ಟೆ. ಇಂದಿನ ರೇಸ್ ಕಾರು ಹೊರಗಿನಿಂದ ಷೆವ್ರೊಲೆ, ಫೋರ್ಡ್, ಟೊಯೊಟಾ ಕಾರುಗಳ ಮುಖ ಹೊತ್ತಿರುತ್ತದೆ, ಒಳಗೆ ರೇಸಿಗೆಂದೇ ಕಟ್ಟಿದ ಯಂತ್ರ.

ಸರಣಿಯ ಹೆಸರೂ ಪ್ರಾಯೋಜಕರ ಜೊತೆ ಬದಲಾಗುತ್ತ ಬಂತು. ಗ್ರ್ಯಾಂಡ್ ನ್ಯಾಷನಲ್, ವಿನ್‌ಸ್ಟನ್ ಕಪ್, ನೆಕ್ಸ್‌ಟೆಲ್, ಸ್ಪ್ರಿಂಟ್ ಎಲ್ಲ ಆಗಿ ಈಗ ಬರೀ ಕಪ್ ಸರಣಿ. ಗೆಲುವಿನ ಲೆಕ್ಕ ಮಾತ್ರ 1949ರಿಂದ ಒಂದೇ ಪಟ್ಟಿಯಲ್ಲಿ ಸಾಗಿದೆ.

ಆ ಪಟ್ಟಿಯ ತುದಿಯಲ್ಲಿ ರಿಚರ್ಡ್ ಪೆಟ್ಟಿ. ಗೆಲುವು 200. ಎರಡನೆಯವರು ಡೇವಿಡ್ ಪಿಯರ್ಸನ್, 105. ಮೂರನೆಯವರು ಜೆಫ್ ಗಾರ್ಡನ್, 93. ಕ್ರಿಕೆಟ್ ಬಲ್ಲವರಿಗೆ ಬ್ರಾಡ್ಮನ್ನರ ಸರಾಸರಿ ನೆನಪಾದೀತು: ಮೊದಲ ಸ್ಥಾನಕ್ಕೂ ಎರಡನೆಯದಕ್ಕೂ ನಡುವೆ ಒಂದು ಊರೇ ಹಿಡಿಸುವಷ್ಟು ಜಾಗ.

ಪೆಟ್ಟಿ ಮನೆತನ ನಾರ್ತ್ ಕ್ಯಾರೊಲಿನಾದ ಲೆವೆಲ್ ಕ್ರಾಸ್ ಎಂಬ ಹಳ್ಳಿಯದು. ತಂದೆ ಲೀ ಪೆಟ್ಟಿ ಆ ಮೊದಲ ಶಾರ್ಲೆಟ್ ರೇಸಿನಲ್ಲೇ ಎರವಲು ತಂದ ಬ್ಯೂಯಿಕ್ ಕಾರನ್ನು ಪಲ್ಟಿ ಹೊಡೆಸಿದ್ದರು. ಅಂಥವರು ಮುಂದೆ ಮೂರು ಬಾರಿ ಚಾಂಪಿಯನ್ ಆದರು. 1959ರಲ್ಲಿ ಮೊದಲ ಡೇಟೋನಾ 500 ರೇಸ್ ಗೆದ್ದರು. ಆ ಗೆಲುವೂ ಸುಲಭಕ್ಕೆ ಕೈಸೇರಲಿಲ್ಲ. ಮೊದಲು ಜಾನಿ ಬೋಶಾಂ ಗೆದ್ದರೆಂದು ಘೋಷಿಸಿ, ಛಾಯಾಚಿತ್ರಗಳನ್ನೂ ಸುದ್ದಿಚಿತ್ರದ ತುಣುಕನ್ನೂ ತರಿಸಿ ನೋಡಿ, ಮೂರು ದಿನದ ಮೇಲೆ ಲೀ ಅವರಿಗೆ ಕೊಟ್ಟರು. ಅದೇ ವರ್ಷ ಜೂನಿನಲ್ಲಿ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ಮಗ ರಿಚರ್ಡ್ ಮೊದಲಿಗನಾಗಿ ಬಾವುಟ ಪಡೆದ. ಸುತ್ತಿನ ಲೆಕ್ಕ ತಪ್ಪಾಗಿದೆ ಎಂದು ಒಬ್ಬರು ಆಕ್ಷೇಪಣೆ ಸಲ್ಲಿಸಿದರು. ಪರಿಶೀಲಿಸಿ ಗೆಲುವನ್ನು ಆಕ್ಷೇಪಿಸಿದವರಿಗೇ ಕೊಡಲಾಯಿತು. ಅವರು ಲೀ ಪೆಟ್ಟಿ! ಮಗನ ಮೊದಲ ಗೆಲುವನ್ನು ತಂದೆಯೇ ಕಾನೂನು ತೋರಿಸಿ ಕಸಿದುಕೊಂಡ ಮನೆಯಲ್ಲಿ 200 ಗೆಲುವಿನ ಸರದಾರ ಬೆಳೆದರು. ರಿಚರ್ಡ್ ಅವರ ಖಾತೆ ಶುರುವಾದದ್ದು 1960ರ ಫೆಬ್ರವರಿಯಲ್ಲಿ.

ಆ ಕಾಲದ ರೇಸಿನ ಬದುಕೇ ಬೇರೆ. ವರ್ಷಕ್ಕೆ ಐವತ್ತರ ಆಸುಪಾಸು ರೇಸುಗಳು. ಎಷ್ಟೋ ಬಾರಿ ವಾರಕ್ಕೆ ಎರಡು, ಮೂರು. ಬಹುಪಾಲು ಅರ್ಧ ಮೈಲಿಯ ಸಣ್ಣ ಟ್ರ್ಯಾಕುಗಳು, ಅನೇಕ ಕಡೆ ಮಣ್ಣಿನವು. ಎಲ್ಲ ಊರಿಗೂ ಎಲ್ಲ ಘಟಾನುಘಟಿಗಳು ಬರುತ್ತಿರಲಿಲ್ಲ. ಪೆಟ್ಟಿ ಬರುತ್ತಿದ್ದರು. ತಮ್ಮ ಮಾರಿಸ್ ಎಂಜಿನ್ ಕಟ್ಟುತ್ತಿದ್ದರು, ಸೋದರಸಂಬಂಧಿ ಡೇಲ್ ಇನ್‌ಮನ್ ತಂಡ ನಡೆಸುತ್ತಿದ್ದರು. ಮನೆಯ ಗ್ಯಾರೇಜಿನಿಂದ ಹೊರಡುತ್ತಿದ್ದ ನೀಲಿ ಬಣ್ಣದ 43ನೇ ನಂಬರಿನ ಕಾರು 1967ರಲ್ಲಿ 27 ರೇಸ್ ಗೆದ್ದಿತು. ಅದರಲ್ಲಿ ಆಗಸ್ಟ್‌ನಿಂದ ಅಕ್ಟೋಬರ್ ಮೊದಲ ದಿನದವರೆಗೆ ಸತತ 10. ಇಂದಿನ ಚಾಲಕರು ಒಂದು ವರ್ಷದಲ್ಲಿ 10 ಗೆದ್ದರೆ ಹಬ್ಬ.

1972ರಲ್ಲಿ ಪ್ರಾಯೋಜಕರಾಗಿದ್ದ ಸಿಗರೇಟು ಕಂಪನಿಯ ಒತ್ತಾಸೆಯಿಂದ ಸಣ್ಣ ರೇಸುಗಳನ್ನು ಕೈಬಿಟ್ಟು ವೇಳಾಪಟ್ಟಿಯನ್ನು 48ರಿಂದ 31ಕ್ಕೆ ಇಳಿಸಿದರು. ಆ ವರ್ಷದಿಂದ ಈಚಿನದನ್ನು ಆಧುನಿಕ ಯುಗ ಎನ್ನುತ್ತಾರೆ. ಪೆಟ್ಟಿಯವರ 200ರಲ್ಲಿ 140 ಗೆಲುವು ಅದಕ್ಕಿಂತ ಹಿಂದಿನವು, 60 ಆಮೇಲಿನವು. ಆಧುನಿಕ ಯುಗವೊಂದನ್ನೇ ಎಣಿಸಿದರೆ ಗಾರ್ಡನ್ 93ರೊಂದಿಗೆ ಎಲ್ಲರಿಗಿಂತ ಮೇಲೆ. ಇದನ್ನು ಹಿಡಿದುಕೊಂಡು ಪೆಟ್ಟಿಯವರದು ಹಳ್ಳಿ ಟ್ರ್ಯಾಕುಗಳ ಅಗ್ಗದ ಗೆಲುವು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಆ ವಾದ ಒಪ್ಪಿಗೆಯಿಲ್ಲ. ಅವೇ ಟ್ರ್ಯಾಕುಗಳು ಉಳಿದವರಿಗೂ ಇದ್ದವು. ಡೇಟೋನಾ 500ನಂಥ ದೊಡ್ಡ ರೇಸನ್ನೂ ಪೆಟ್ಟಿ ಏಳು ಬಾರಿ ಗೆದ್ದಿದ್ದಾರೆ. ಆ ದಾಖಲೆಯೂ ಇನ್ನೂ ಅವರದೇ.

ಪೆಟ್ಟಿಯವರಿಗೆ ನಿಜವಾಗಿ ಸವಾಲಾದದ್ದು ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನ ಪಿಯರ್ಸನ್. ಪೆಟ್ಟಿ 1,184 ರೇಸುಗಳಿಂದ 200 ಗಳಿಸಿದರೆ ಪಿಯರ್ಸನ್ 574 ರೇಸುಗಳಿಂದಲೇ 105 ಗಳಿಸಿದರು. ಶೇಕಡಾವಾರು ನೋಡಿದರೆ ಪಿಯರ್ಸನ್ ಮೇಲು. 1973ರಲ್ಲಂತೂ ಬರೀ 18 ರೇಸಿಗೆ ಇಳಿದು 11 ಗೆದ್ದರು. ಇಬ್ಬರೂ ಮೊದಲ ಎರಡು ಸ್ಥಾನ ಹಂಚಿಕೊಂಡದ್ದು 63 ಸಲ, ಅದರಲ್ಲಿ 33 ಸಲ ಪಿಯರ್ಸನ್ ಮುಂದೆ. 1976ರ ಡೇಟೋನಾದ ಕೊನೆಯ ತಿರುವಿನಲ್ಲಿ ಇಬ್ಬರ ಕಾರುಗಳೂ ಡಿಕ್ಕಿಯಾಗಿ ಗೋಡೆಗೆ ಬಡಿದವು. ಪೆಟ್ಟಿಯವರ ಕಾರು ಗುರಿಗೆರೆಗೆ ಇನ್ನೇನು ಕೆಲವೇ ಮಾರು ಇರುವಾಗ ಹುಲ್ಲಿನ ಮೇಲೆ ನಿಂತುಹೋಯಿತು. ಪಿಯರ್ಸನ್ ಕ್ಲಚ್ ತುಳಿದು ಎಂಜಿನ್ ಆರದಂತೆ ನೋಡಿಕೊಂಡಿದ್ದರು. ಜಜ್ಜಿಹೋದ ಕಾರನ್ನು ತೆವಳಿಸಿಕೊಂಡು ಗೆರೆ ದಾಟಿದರು.

ಪೆಟ್ಟಿಯವರ ಕೊನೆಯ ಗೆಲುವುಗಳ ಹಾದಿಯೂ ಪೂರ್ತಿ ಬೆಳ್ಳಗಿಲ್ಲ. 1983ರ ಅಕ್ಟೋಬರಿನಲ್ಲಿ ಶಾರ್ಲೆಟ್‌ನಲ್ಲಿ 198ನೆಯದನ್ನು ಗೆದ್ದ ಕಾರಿನ ಎಂಜಿನ್ ನಿಯಮ ಮೀರಿ ದೊಡ್ಡದಾಗಿತ್ತು, ಟೈರುಗಳೂ ತಪ್ಪು ಕಡೆ ಹಾಕಿದಂಥವು. ನ್ಯಾಸ್ಕಾರ್ 35,000 ಡಾಲರ್ ದಂಡ ಹಾಕಿತು, ಅಂಕ ಕಳೆಯಿತು, ಗೆಲುವನ್ನು ಮಾತ್ರ ಉಳಿಸಿತು. ಡನವೇ ಅವರ ಸ್ಪ್ರಿಂಗಿಗೆ ಒಂದು ನ್ಯಾಯ, ಪೆಟ್ಟಿಯವರ ಎಂಜಿನ್ನಿಗೆ ಇನ್ನೊಂದು.

200ನೆಯದು ಬಂದದ್ದು 1984ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನ, ಡೇಟೋನಾದಲ್ಲಿ. ಎಂಜಿನ್ ಚಾಲೂ ಮಾಡಿ ಎಂಬ ಆದೇಶವನ್ನು ಅಧ್ಯಕ್ಷ ರೊನಾಲ್ಡ್ ರೇಗನ್ ವಿಮಾನದಿಂದಲೇ ಫೋನಿನಲ್ಲಿ ಕೊಟ್ಟರು. ರೇಸ್ ನಡೆಯುತ್ತಿರುವಾಗಲೇ ಟ್ರ್ಯಾಕಿನ ಹಿಂದಿನ ನಿಲ್ದಾಣದಲ್ಲಿ ಅವರ ವಿಮಾನ ಇಳಿಯಿತು. 160 ಸುತ್ತಿನ ರೇಸಿನಲ್ಲಿ ಕೆಲವೇ ಸುತ್ತು ಉಳಿದಿರುವಾಗ ಹಿಂದೊಂದು ಕಾರು ಉರುಳಿತು. ಹಳದಿ ಬಾವುಟ ಬೀಸಿದರೆ ಉಳಿದ ಸುತ್ತುಗಳಲ್ಲಿ ಯಾರೂ ಯಾರನ್ನೂ ಹಿಂದಿಕ್ಕುವಂತಿಲ್ಲ. ಆದರೆ ಆಗಿನ ನಿಯಮದಂತೆ ಗೆರೆ ದಾಟುವ ತನಕ ಸ್ಪರ್ಧೆ ಉಂಟು. ಪೆಟ್ಟಿ ಮತ್ತು ಕೇಲ್ ಯಾರ್ಬರೊ ಬಾಗಿಲಿಗೆ ಬಾಗಿಲು ಉಜ್ಜಿಕೊಂಡು ಗೆರೆಯತ್ತ ನುಗ್ಗಿದರು. ಪೆಟ್ಟಿ ಕೂದಲೆಳೆಯಷ್ಟು ಮುಂದೆ. ಯಾರ್ಬರೊ ರೇಸ್ ಮುಗಿಯಿತೆಂದು ತಿಳಿದು ಒಂದು ಸುತ್ತು ಮೊದಲೇ ಪಿಟ್‌ಗೆ ಹೊಕ್ಕು ಎರಡನೇ ಸ್ಥಾನವನ್ನೂ ಕಳೆದುಕೊಂಡರು. ಪೆಟ್ಟಿ ಕಾರಿನಿಂದಿಳಿದು ರೇಗನ್ ಅವರನ್ನು ಕಾಣಲು ಮೆಟ್ಟಿಲು ಹತ್ತಿದರು. ಆ ಕಾರು ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಆಮೇಲೆ ಎಂಟು ವರ್ಷ ಪೆಟ್ಟಿ ರೇಸ್ ಮಾಡಿದರು. ಒಂದನ್ನೂ ಗೆಲ್ಲಲಿಲ್ಲ.

ಇನ್ನೂರರ ಮುಂದೆ ಒಂದು ಬಹಳ ಸಣ್ಣದು. ಆದರೆ ಈ ಪಟ್ಟಿಯಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಲ್ಲುವುದು ವೆಂಡೆಲ್ ಸ್ಕಾಟ್ ಹೆಸರಿನ ಮುಂದಿರುವ ಒಂದರ ಮೇಲೆ. ವರ್ಜೀನಿಯಾದ ಡ್ಯಾನ್‌ವಿಲ್‌ನ ಈ ಕಪ್ಪು ಚಾಲಕ ತನ್ನ ಕಾರಿಗೆ ತಾನೇ ಮೆಕ್ಯಾನಿಕ್. 1963ರ ಡಿಸೆಂಬರ್ 1ರಂದು ಜ್ಯಾಕ್ಸನ್‌ವಿಲ್‌ನ ಮಣ್ಣಿನ ಟ್ರ್ಯಾಕಿನಲ್ಲಿ ಅವರು ಎರಡು ಸುತ್ತು ಮುಂದಿದ್ದರು. ಆದರೂ ಬಾವುಟ, ಟ್ರೋಫಿ ಎರಡೂ ಬಿಳಿಯ ಚಾಲಕ ಬಕ್ ಬೇಕರ್ ಅವರಿಗೆ ಹೋದವು. ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ, ಗಂಟೆಗಳ ನಂತರ, ಎಣಿಕೆ ತಪ್ಪಾಗಿತ್ತು, ಗೆದ್ದದ್ದು ಸ್ಕಾಟ್ ಎಂದು ಒಪ್ಪಿಕೊಂಡರು. ಕೈಬರಹದ ಎಣಿಕೆಯ ಕಾಲದಲ್ಲಿ ಇಂಥ ತಪ್ಪುಗಳು ಆಗುತ್ತಿದ್ದುದು ನಿಜ. ಆದರೆ ವಿಜೇತನಿಗೆ ಬಿಳಿಯ ಸುಂದರಿ ಮುತ್ತಿಡುವ ರೂಢಿಯಿದ್ದ ದಕ್ಷಿಣದಲ್ಲಿ ಈ ತಪ್ಪು ಆಕಸ್ಮಿಕವೆಂದು ಸ್ಕಾಟ್ ನಂಬಲಿಲ್ಲ, ನಾನೂ ನಂಬುವುದಿಲ್ಲ. 1990ರಲ್ಲಿ ತೀರಿಕೊಳ್ಳುವ ತನಕ ಆ ಟ್ರೋಫಿ ಅವರ ಕೈಗೆ ಬರಲಿಲ್ಲ. ಕುಟುಂಬಕ್ಕೆ ನ್ಯಾಸ್ಕಾರ್ ಟ್ರೋಫಿ ಕೊಟ್ಟದ್ದು 2021ರ ಆಗಸ್ಟಿನಲ್ಲಿ. ಅದೇ ವರ್ಷ ಅಕ್ಟೋಬರಿನಲ್ಲಿ ಬಬ್ಬಾ ವಾಲೆಸ್ ಟ್ಯಾಲಡೇಗಾದಲ್ಲಿ ಗೆದ್ದು, ಈ ಸರಣಿಯಲ್ಲಿ ರೇಸ್ ಗೆದ್ದ ಎರಡನೆಯ ಕಪ್ಪು ಚಾಲಕರಾದರು.

ತಿದ್ದುಪಡಿ ಇಲ್ಲಿಗೂ ಮುಗಿಯಲಿಲ್ಲ. 1971ರ ಆಗಸ್ಟಿನಲ್ಲಿ ಬೌಮನ್ ಗ್ರೇ ಕ್ರೀಡಾಂಗಣದ ರೇಸನ್ನು ಬಾಬಿ ಆಲಿಸನ್ ಸಣ್ಣ ವರ್ಗದ ಮಸ್ಟಾಂಗ್ ಕಾರಿನಲ್ಲಿ ಗೆದ್ದಿದ್ದರು. ಕಾರು ಬೇರೆ ವರ್ಗದ್ದೆಂದು ಅವರಿಗೆ ಗೆಲುವು ಬರೆಯಲಿಲ್ಲ, ಎರಡನೆಯವರಾದ ಪೆಟ್ಟಿಯವರಿಗೂ ಬರೆಯಲಿಲ್ಲ. ಅದೇ ವರ್ಷ ಸಣ್ಣ ವರ್ಗದ ಕಾರಿನಲ್ಲೇ ಟೈನಿ ಲಂಡ್ ಗೆದ್ದ ಎರಡು ರೇಸುಗಳು ಮಾತ್ರ ಲೆಕ್ಕಕ್ಕೆ ಸೇರಿದವು! ಕೊನೆಗೆ 2024ರ ಅಕ್ಟೋಬರಿನಲ್ಲಿ ನ್ಯಾಸ್ಕಾರ್ ಮನಸ್ಸು ಬದಲಿಸಿತು. ಆಲಿಸನ್ ಅವರ 84 ಗೆಲುವು 85 ಆಯಿತು, ಡ್ಯಾರೆಲ್ ವಾಲ್ಟ್ರಿಪ್ ಜೊತೆಗಿನ ಸಮಬಲ ಮುರಿದು ಅವರೊಬ್ಬರೇ ನಾಲ್ಕನೇ ಸ್ಥಾನಕ್ಕೇರಿದರು. ಮುಂದಿನ ತಿಂಗಳು ತೀರಿಕೊಂಡರು.

ಹಾಗಾದರೆ 200ನ್ನು ಮುಟ್ಟುವವರು ಯಾರು? ಯಾರೂ ಇಲ್ಲ. ವರ್ಷಕ್ಕೆ ಅಂಕದ ರೇಸುಗಳು ಈಗ 36. ವರ್ಷಕ್ಕೆ 8ರಂತೆ 25 ವರ್ಷ ಬಿಡದೆ ಗೆಲ್ಲಬೇಕು. ಏಳು ಬಾರಿ ಚಾಂಪಿಯನ್ ಆದ ಜಿಮ್ಮಿ ಜಾನ್ಸನ್ 83ಕ್ಕೆ ನಿಂತರು, ಅಷ್ಟೇ ಬಾರಿ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ 76ಕ್ಕೆ. 2025ರ ಋತು ಮುಗಿದಾಗ ಕೈಲ್ ಬುಶ್ 63ರಲ್ಲಿದ್ದರು, ಡೆನ್ನಿ ಹ್ಯಾಮ್ಲಿನ್ 60ರಲ್ಲಿ. 2022ರಲ್ಲಿ ಬಂದ ಹೊಸ ಕಾರಿನ ಬಹುಪಾಲು ಬಿಡಿಭಾಗಗಳು ಎಲ್ಲ ತಂಡಕ್ಕೂ ಅವೇ ಸರಬರಾಜುದಾರರಿಂದ ಬರುತ್ತವೆ. ಆ ವರ್ಷವೇ 19 ಬೇರೆ ಬೇರೆ ಚಾಲಕರು ರೇಸ್ ಗೆದ್ದರು. ಅದೇ ವರ್ಷ ಪೊಕೊನೊದಲ್ಲಿ ಮೊದಲೆರಡು ಸ್ಥಾನ ಪಡೆದ ಹ್ಯಾಮ್ಲಿನ್ ಮತ್ತು ಬುಶ್ ಇಬ್ಬರನ್ನೂ ತಪಾಸಣೆಯ ನಂತರ ಅನರ್ಹಗೊಳಿಸಿ, ಮೂರನೆಯವರಾದ ಚೇಸ್ ಎಲಿಯಟ್ ಅವರಿಗೆ ಗೆಲುವು ಕೊಡಲಾಯಿತು.

ನೋಡುವ ಆಸೆಯಿದ್ದವರು ಫೆಬ್ರವರಿಯ ಡೇಟೋನಾ 500ರಿಂದ ಶುರು ಮಾಡಬಹುದು. ಅಲ್ಲಿ ಭಾನುವಾರ ಮಧ್ಯಾಹ್ನ, ನಮ್ಮಲ್ಲಿ ಸೋಮವಾರದ ನಡುರಾತ್ರಿ ಕಳೆದ ಹೊತ್ತು. ಬಾವುಟ ಬೀಸಿದ ಕೂಡಲೆ ಟಿವಿ ಆರಿಸಬೇಡಿ, ಕಾರಿನ ತಪಾಸಣೆ ಇನ್ನೂ ಬಾಕಿ ಇರುತ್ತದೆ.