ವಿ.ಪಿ.ಎನ್. ಎಂಬ ಮುಸುಕು

ಫೋನಿನಲ್ಲಿ ವಿ.ಪಿ.ಎನ್. ಎಂಬುದನ್ನು ಹಾಕಿಕೊಂಡರೆ ತಾವು ಯಾರಿಗೂ ಕಾಣದವರಾದೆವೆಂದು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿ ಅನೇಕರು ಭಾವಿಸಿದ್ದಾರೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ; ಆದರೆ ಅದೆಷ್ಟು ಎಂಬುದನ್ನರಿಯದೆ ನೆಚ್ಚಿದವರಿಗೆ ಅಪಾಯವುಂಟು. ಹೆಸರನ್ನು ಮರೆಮಾಚಿ ದೂರು ಬರೆಯುವ ವಿದ್ಯಾರ್ಥಿನಿಯನ್ನೋ, ಮನೆಯಲ್ಲಿಯೂ ಹೇಳಲಾರದ ಕಾಯಿಲೆಯನ್ನು ಕುರಿತು ಓದುವ ತರುಣನನ್ನೋ ನೆನೆದರೆ ಇದರ ಗಾಂಭೀರ್ಯ ತಿಳಿದೀತು.

ನಮಗೆ ಪರಿಚಿತವಾದ ದಾರಿಯಿಂದಲೇ ವಿವರಿಸೋಣ. ಶಿಕಾರಿಪುರದವನೊಬ್ಬನು ಸೊರಬದ ಗೆಳೆಯನಿಗೆ ಕಾಗದ ಬರೆಯುತ್ತಾನೆನ್ನಿ. ಲಕೋಟೆಯನ್ನು ಒಡೆಯದಿದ್ದರೂ ಯಾರು ಯಾರಿಗೆ ಬರೆದರೆಂಬುದನ್ನು ಅಂಚೆಯವನು ಬಲ್ಲ. ಅಂತರಜಾಲದಲ್ಲಿ ನಮ್ಮ ಮೊಬೈಲ್ ಕಂಪನಿಯೇ ಈ ಅಂಚೆಯವನು. ಈಗ ಬಹುಪಾಲು ತಾಣಗಳಿಗೆ ಎಚ್.ಟಿ.ಟಿ.ಪಿ.ಎಸ್. ಎಂಬ ಅರಗಿನ ಮುದ್ರೆಯಿರುವುದರಿಂದ ಒಳಗಿನ ಬರಹವನ್ನು ಅವನು ಓದಲಾರ. ತಾಣದ ಹೆಸರನ್ನು ಮಾತ್ರ ಸಾಮಾನ್ಯವಾಗಿ ಅರಿಯುತ್ತಾನೆ.

ಅದೇ ಕಾಗದವನ್ನು ಮತ್ತೊಂದು ಲಕೋಟೆಯಲ್ಲಿಟ್ಟು, ನಡುದಾರಿಯ ಶಿರಾಳಕೊಪ್ಪದ ಮಧ್ಯಸ್ಥನೊಬ್ಬನಿಗೆ ಕಳುಹಿಸಿದರೆ? ಶಿಕಾರಿಪುರದ ಅಂಚೆಯವನಿಗೆ ಶಿರಾಳಕೊಪ್ಪದ ವಿಳಾಸವಷ್ಟೇ ಕಾಣುತ್ತದೆ. ಮಧ್ಯಸ್ಥನು ಹೊರಲಕೋಟೆಯನ್ನು ತೆಗೆದು ಒಳಗಿನದನ್ನು ತನ್ನ ವಿಳಾಸದಿಂದ ಸೊರಬಕ್ಕೆ ರವಾನಿಸುತ್ತಾನೆ. ವಿ.ಪಿ.ಎನ್. ಮಾಡುವುದು ಇಷ್ಟೇ. ಬಸ್ ನಿಲ್ದಾಣದ ಬಿಟ್ಟಿ ವೈಫೈ ನಡೆಸುವವನ ಕಣ್ಣಿಗೆ ಮರೆಯೊಡ್ಡಲು ಇದು ಉಪಯುಕ್ತವೇ ಸರಿ.

ಆದರೆ ಆ ಮಧ್ಯಸ್ಥನಿಗೆ ಎರಡು ವಿಳಾಸಗಳೂ ಗೊತ್ತು! ಅಂಚೆಯವನ ಮೇಲಿದ್ದ ನಂಬಿಕೆಯನ್ನು ಇವನ ಮೇಲಿಟ್ಟೆವಲ್ಲದೆ, ನಂಬುವ ಅಗತ್ಯವೇನೂ ತಪ್ಪಲಿಲ್ಲ. ಯಾವ ದಾಖಲೆಯನ್ನೂ ಇಡುವುದಿಲ್ಲವೆಂದು ಇಂಥ ಕಂಪನಿಗಳು ಸಾರುವುದುಂಟು. ಪ್ಯೂರ್‌ವಿಪಿಎನ್ ಹಾಗೆ ಸಾರಿತ್ತು. 2017ರಲ್ಲಿ ಅದರ ದಾಖಲೆಗಳ ನೆರವಿನಿಂದಲೇ ಅಮೆರಿಕದ ಎಫ್.ಬಿ.ಐ. ಒಬ್ಬ ಆಪಾದಿತನನ್ನು ಗುರುತಿಸಿತು. ಅವನು ಮಹಿಳೆಯೊಬ್ಬಳನ್ನು ಕಾಡಿದನೆಂಬುದು ಆರೋಪವಾದುದರಿಂದ ನಾವು ಮರುಗಬೇಕಾದುದಿಲ್ಲ. ದಾಖಲೆ ಇತ್ತೆಂಬುದು ಇಲ್ಲಿ ಮುಖ್ಯ. ಬಿಟ್ಟಿಯಾಗಿ ದೊರೆಯುವ ಮಧ್ಯಸ್ಥರ ಮಾತಂತೂ ಕೇಳುವುದೇ ಬೇಡ. ಫೇಸ್‌ಬುಕ್ಕಿನ ಒಡೆತನದಲ್ಲಿದ್ದ ಒನಾವೊ ಎಂಬುದು ಜನರು ಯಾವ ಆಪ್‌ಗಳನ್ನು ಎಷ್ಟು ಬಳಸುತ್ತಾರೆಂಬುದನ್ನು ಒಡೆಯನಿಗೇ ವರದಿ ಮಾಡುತ್ತಿದ್ದಿತು. 2019ರಲ್ಲಿ ಅದನ್ನು ಮುಚ್ಚಿದರು.

ನಮ್ಮ ದೇಶದಲ್ಲಿ 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆಯು ಹೊರಡಿಸಿದ ಆದೇಶದಂತೆ, ವಿ.ಪಿ.ಎನ್. ಕಂಪನಿಗಳು ಗಿರಾಕಿಗಳ ಹೆಸರು, ವಿಳಾಸ, ಅವರಿಗೆ ಕೊಟ್ಟ ಐ.ಪಿ. ಸಂಖ್ಯೆ ಮೊದಲಾದುವನ್ನು 5 ವರ್ಷ ಕಾದಿಡಬೇಕು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಮುಂತಾದುವು ಆಗ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದುಬಿಟ್ಟವು.

ಇರಲಿ, ಮಧ್ಯಸ್ಥನು ಸತ್ಯಸಂಧನೆಂದೇ ಒಪ್ಪೋಣ. ಕಾಗದದ ಕೆಳಗೆ ನಾವೇ ಸಹಿ ಹಾಕಿದರೆ ಅವನೇನು ಮಾಡಿಯಾನು? ಗೂಗಲ್ ಖಾತೆಯೊಳಕ್ಕೆ ಪ್ರವೇಶಿಸಿದವನು ಎಷ್ಟು ಲಕೋಟೆ ಸುತ್ತಿದರೂ ಗೂಗಲ್ಲಿಗೆ ಪರಿಚಿತನೇ. ಸಹಿಯಿಲ್ಲದಿದ್ದರೂ ಕೈಬರಹವುಂಟು. ತೆರೆಯ ಅಳತೆ, ಅಕ್ಷರರೂಪಗಳು, ಬ್ರೌಸರಿನ ಆವೃತ್ತಿ ಇವೆಲ್ಲ ಕೂಡಿ ಒಂದೊಂದು ಯಂತ್ರಕ್ಕೂ ಒಂದು ಚಹರೆಯಾಗುತ್ತದೆ. ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 2010ರಲ್ಲಿ ಪರೀಕ್ಷಿಸಿದ ಬ್ರೌಸರುಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಹೀಗೆ ಬೇರೊಂದನ್ನು ಹೋಲದಂಥವು.

ನಿಜವಾಗಿ ಅನಾಮಿಕತೆ ಬೇಕಾದವರಿಗೆ ಟಾರ್ ಎಂಬ ಬೇರೊಂದು ಏರ್ಪಾಡಿದೆ. ಅಲ್ಲಿ ಒಬ್ಬನ ಬದಲು ಮೂವರು ಮಧ್ಯಸ್ಥರು. ಕಳುಹಿಸಿದವನನ್ನು ಬಲ್ಲವನಿಗೆ ತಲುಪುವ ಊರು ಗೊತ್ತಿಲ್ಲ, ತಲುಪಿಸುವವನಿಗೆ ಕಳುಹಿಸಿದವನು ಗೊತ್ತಿಲ್ಲ. ನಿಧಾನವಾಗಿ ಸಾಗುವುದು ಅದರ ದೋಷ. ಕಾಗದ ಹೊರಟ ಹೊತ್ತನ್ನು ಶಿಕಾರಿಪುರದಲ್ಲಿಯೂ ಸೇರಿದ ಹೊತ್ತನ್ನು ಸೊರಬದಲ್ಲಿಯೂ ಒಟ್ಟಿಗೆ ಕಾದು ನೋಡಬಲ್ಲವನಿಗೆ ಅದೂ ಪೂರ್ತಿ ಮರೆಯಲ್ಲ.